ಒಂಟೆಯ ನೀರು, ಜಿರಾಫೆಯ ಎತ್ತರ

(ಹಾಸನದಲ್ಲಿ ಹೈನುಗಾರರು, ಶಾಲಾ ಶಿಕ್ಷಕರು ಮತ್ತು ಪಶುವೈದ್ಯ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ. ನಿಮ್ಮ ಕೊಟ್ಟಿಗೆಯಲ್ಲಿ ಕಟ್ಟಿರುವ ಹಸುವಿಗೆ ರಕ್ತಸಂಬಂಧದಲ್ಲಿ ಹತ್ತಿರದ ಪ್ರಾಣಿ ಯಾವುದು, ಒಂಟೆಯೋ ಜಿರಾಫೆಯೋ? ಒಂಟೆ ಎನ್ನುವವರೇ ಹೆಚ್ಚು. ಒಂಟೆಯನ್ನು ಜಾತ್ರೆಯಲ್ಲಿ ಮುಟ್ಟಿ ನೋಡಿದ್ದೇವೆ, ಅದು ಹಾಲು ಕೊಡುತ್ತದೆ, ಗಾಡಿ ಎಳೆಯುತ್ತದೆ, ಸಾಕಿದವರ ಮಾತು ಕೇಳುತ್ತದೆ. ಜಿರಾಫೆಯನ್ನು ನೋಡಬೇಕಾದರೆ ಮೈಸೂರಿನಂಥ ಮೃಗಾಲಯಕ್ಕೇ ಹೋಗಬೇಕು. ಆದರೂ ಸರಿಯುತ್ತರ ಜಿರಾಫೆ. ಹಸು, ಆಡು, ಕುರಿ, ಜಿಂಕೆ, ಜಿರಾಫೆ ಇವೆಲ್ಲ ಒಂದೇ ಮನೆತನ. ಒಂಟೆಯ ಕವಲು ಇವುಗಳಿಂದ ಬೇರೆಯಾಗಿ ಆರು ಕೋಟಿ ವರ್ಷಗಳ ಆಸುಪಾಸಾಯಿತು. ಡಿಎನ್‌ಎ ಲೆಕ್ಕದಲ್ಲಿ ನೀರಾನೆ ಮತ್ತು ತಿಮಿಂಗಿಲಗಳು ಕೂಡ ಹಸುವಿಗೆ ಒಂಟೆಗಿಂತ ಹತ್ತಿರದವು. ಮೊದಲ ಸಲ ಕೇಳಿದಾಗ ಯಾರಿಗೂ ನಂಬಿಕೆ ಬರುವುದಿಲ್ಲ. ಆದರೆ ಒಂಟೆಯ ಬಾಯಿ, ಕಾಲು, ಹೊಟ್ಟೆ ಬಿಡಿಸಿ ನೋಡುತ್ತಾ ಹೋದರೆ ನಂಬದೆ ಬೇರೆ ದಾರಿಯಿಲ್ಲ.

ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ ನಿಜ. ಉದ್ದ ಕತ್ತು, ಉದ್ದ ಕಾಲು, ದಪ್ಪ ರೆಪ್ಪೆಗೂದಲು, ಮುಳ್ಳಿನ ಗಿಡ ತಿನ್ನುವ ಬಾಯಿ. ಹಿಂದಿನವರಿಗೂ ಹಾಗೇ ಕಂಡಿದೆ. ಗ್ರೀಕರು ಜಿರಾಫೆಗೆ ಒಂಟೆ ಮತ್ತು ಚಿರತೆ ಎರಡನ್ನೂ ಸೇರಿಸಿ ಹೆಸರಿಟ್ಟರು. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಅದನ್ನೇ ವೈಜ್ಞಾನಿಕ ಹೆಸರಿಗೆ ಎತ್ತಿಕೊಂಡ. ಇವತ್ತಿಗೂ ಅದು ‘ಜಿರಾಫ ಕ್ಯಾಮೆಲೊಪಾರ್ಡಾಲಿಸ್’. ಪಾರ್ಸಿ ಭಾಷೆಯ ಹಳೆಯ ಹೆಸರು ಇನ್ನೂ ಒಂದು ಹೆಜ್ಜೆ ಮುಂದೆ: ಒಂಟೆ-ಹಸು-ಚಿರತೆ. ಹಳೇಬೀಡಿನ ಗೋಡೆಯ ಮೇಲಿನ ಮಕರವನ್ನು ನೆನೆಸಿಕೊಳ್ಳಿ. ಮೊಸಳೆಯ ಬಾಯಿ, ಆನೆಯ ಸೊಂಡಿಲು, ಸಿಂಹದ ಕಾಲು, ನವಿಲಿನ ಬಾಲ. ಹೊಸ ರೂಪವೊಂದನ್ನು ಗೊತ್ತಿರುವ ಪ್ರಾಣಿಗಳ ತುಂಡುಗಳಿಂದ ಕಟ್ಟುವುದು ಶಿಲ್ಪಿಗೆ ಸಲ್ಲುತ್ತದೆ. ಪ್ರಾಣಿಶಾಸ್ತ್ರದಲ್ಲಿ ಹಾಗೆ ಮಾಡಿದರೆ ಎಡವಟ್ಟಾಗುತ್ತದೆ. ಪಾರ್ಸಿಯವರ ಹೆಸರಿನಲ್ಲಿರುವ ಮೂರರಲ್ಲಿ ನಿಜವಾಗಿ ಹತ್ತಿರದ ನೆಂಟಸ್ತಿಕೆ ಇರುವುದು ನಡುವಿನ ಹಸುವಿನೊಂದಿಗೆ ಮಾತ್ರ.

ಈಗ ಬಾಯಿ ತೆರೆಯೋಣ. ಹಸುವಿನ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಗಟ್ಟಿಯಾದ ವಸಡಿನ ಹಲಗೆ ಇದೆ. ಇದು ಹೈನುಗಾರರಿಗೆಲ್ಲ ಗೊತ್ತು. ಜಿರಾಫೆಗೂ ಅಷ್ಟೆ, ಒಟ್ಟು ಹಲ್ಲು ಹಸುವಿನಂತೆ 32. ಒಂಟೆಗೆ 34. ಅದರ ಮೇಲ್ದವಡೆಯ ಎರಡೂ ಪಕ್ಕದಲ್ಲಿ ಒಂದೊಂದು ಬಾಚಿಹಲ್ಲು ಉಳಿದಿದೆ, ಅದೂ ಕೋರೆಯ ಆಕಾರದಲ್ಲಿ. ಅದರ ಹಿಂದೆ ನಿಜವಾದ ಕೋರೆಹಲ್ಲು. ಗಂಡು ಒಂಟೆ ಕಚ್ಚಿದರೆ ಗಾಯ ಆಳವಾಗುವುದು ಇದರಿಂದಲೇ. ಚಳಿಗಾಲದಲ್ಲಿ ಅದಕ್ಕೆ ಮದ ಬರುತ್ತದೆ. ನೆತ್ತಿಯ ಹಿಂಭಾಗದ ಗ್ರಂಥಿಗಳಿಂದ ಕಪ್ಪು ರಸ ಒಸರುತ್ತದೆ, ಬಾಯಿಯ ಪಕ್ಕದಿಂದ ಗುಲಾಬಿ ಬಣ್ಣದ ಬಲೂನಿನಂಥದ್ದೊಂದು ಗೊರಗೊರ ಸದ್ದಿನೊಂದಿಗೆ ಹೊರಗೆ ಬರುತ್ತದೆ. ನಾಲಿಗೆ ಹೊರಬಿದ್ದಿದೆ ಎಂದು ನೋಡಿದವರು ಗಾಬರಿಪಡುತ್ತಾರೆ. ಅದು ಅಂಗುಳಿನ ಹಿಂಭಾಗದ ಮೆತ್ತನೆಯ ಪದರ, ಗಾಳಿ ತುಂಬಿ ಉಬ್ಬಿರುತ್ತದೆ. ಆ ದಿನಗಳಲ್ಲಿ ಮಕ್ಕಳನ್ನು ಅದರ ಬಾಯಿಯ ಹತ್ತಿರ ಬಿಡಬಾರದು.

ಜಿರಾಫೆಯ ಬಾಯಿಯ ಚೆಂದ ಇರುವುದು ಕೆಳಗಿನ ಸಾಲಿನಲ್ಲಿ. ಕೊನೆಯ ಎರಡು ಹಲ್ಲು, ಅಂದರೆ ಕೆಳಗಿನ ಕೋರೆಹಲ್ಲುಗಳು, ಸೀಳಿ ಎರಡು ಹಾಳೆಯಾದಂತೆ ಇವೆ. ರೆಂಬೆಯನ್ನು ಬಾಯಿಯೊಳಗೆ ಎಳೆದುಕೊಂಡು ತಲೆಯನ್ನು ಪಕ್ಕಕ್ಕೆ ಜಗ್ಗಿದರೆ ಆ ಸೀಳು ಬಾಚಣಿಗೆಯಂತೆ ಎಲೆಯನ್ನೆಲ್ಲ ಸವರಿಬಿಡುತ್ತದೆ. ನುಗ್ಗೆಸೊಪ್ಪನ್ನು ಕಡ್ಡಿಯಿಂದ ಬೆರಳಲ್ಲಿ ಸವರುತ್ತೇವಲ್ಲ, ಹಾಗೆ. ಮುಳ್ಳು ಹೆಚ್ಚಿರುವ ಕಡೆ ಈ ಉಪಾಯ ನಡೆಯದು. ಅಲ್ಲಿ ಕೆಲಸಕ್ಕೆ ಬರುವುದು ನಾಲಿಗೆ. ಅದು ಒಂದೂವರೆ ಅಡಿ ಉದ್ದ, ತುದಿಯ ಕಡೆ ನೇರಳೆಗಪ್ಪು ಬಣ್ಣ. ಮುಳ್ಳಿನ ಸಂದಿಯಲ್ಲಿ ನುಸುಳಿ, ಎಲೆಗೊಂಚಲನ್ನು ಸುತ್ತಿ, ಕಿತ್ತು ತರುತ್ತದೆ. ಅಪ್ಪಿತಪ್ಪಿ ಒಳಗೆ ಹೋದ ಮುಳ್ಳನ್ನು ಅಂಟಂಟಾದ ಜೊಲ್ಲು ಸುತ್ತಿಕೊಳ್ಳುತ್ತದೆ.

ಒಂಟೆಯ ದಾರಿ ಬೇರೆ. ಅದು ಮುಳ್ಳನ್ನು ತಪ್ಪಿಸುವುದಕ್ಕೆ ಹೋಗುವುದಿಲ್ಲ, ಮುಳ್ಳು ಸಮೇತ ಅಗಿಯುತ್ತದೆ. ಕೆನ್ನೆಯ ಒಳಮೈ ತುಂಬ ಬೆರಳಿನಂಥ ಗಟ್ಟಿ ಕುಚ್ಚುಗಳಿದ್ದು, ಎಲ್ಲದರ ತುದಿ ಗಂಟಲಿನ ಕಡೆ ಬಾಗಿರುತ್ತದೆ. ಮುಳ್ಳು ಅದರ ಮೇಲೆ ಜಾರಿಕೊಂಡು ಒಳಗೆ ಹೋಗುತ್ತದೆ, ಅಡ್ಡ ನಿಂತು ಚುಚ್ಚುವುದಿಲ್ಲ. ಸೀಳಿದ ಮೇಲ್ದುಟಿಯ ಎರಡು ತುಂಡುಗಳು ಬೇರೆ ಬೇರೆಯಾಗಿ ಆಡುತ್ತವೆ, ಎರಡು ಬೆರಳಲ್ಲಿ ಸೊಪ್ಪು ಚಿವುಟಿದ ಹಾಗೆ. ಅಗಿಯುವಾಗ ದವಡೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗುತ್ತದೆ. ನಿಮ್ಮ ಹಸು ಮೆಲುಕು ಹಾಕುವಾಗ ಗಮನಿಸಿ, ಅದು ತುಂಬ ಹೊತ್ತು ಒಂದೇ ಪಕ್ಕಕ್ಕೆ ಅಗಿಯುತ್ತದೆ. ಮುಂದೆ ಎಲ್ಲಾದರೂ ಒಂಟೆ ಕಂಡರೆ ಶಿಕ್ಷಕರು ಮಕ್ಕಳಿಗೆ ಇದನ್ನೊಂದು ತೋರಿಸಿ. ಪುಸ್ತಕ ಬೇಕಿಲ್ಲ, ಎರಡು ನಿಮಿಷ ನಿಂತು ನೋಡಿದರೆ ಸಾಕು.

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತೇವೆ. ಹುಲ್ಲು ಮೇಯುವ ಪ್ರಾಣಿಗೂ ಸೊಪ್ಪು ತಿನ್ನುವ ಪ್ರಾಣಿಗೂ ಇರುವ ವ್ಯತ್ಯಾಸ ಹಳ್ಳಿಯವರಿಗೆ ಹೊಸದಲ್ಲ. ಜಿರಾಫೆ ಅಪ್ಪಟ ಸೊಪ್ಪಿನ ಪ್ರಾಣಿ. ದಿನಕ್ಕೆ ಸುಮಾರು 30 ಕಿಲೋ ಹಸಿ ಎಲೆ, ಅದರಲ್ಲೂ ಜಾಲಿಯ ಜಾತಿಯ ಮರಗಳದ್ದು. ಕುರಿಗಾಹಿಗಳು ದೋಟಿ ಹಿಡಿದು ಜಾಲಿಯ ಮೇಲಿನ ಕೊಂಬೆ ಎಳೆಯುತ್ತಾರೆ. ಜಿರಾಫೆಗೆ ಮೈಯೇ ದೋಟಿ. ಗಂಡು ಜಿರಾಫೆಯ ತಲೆ 18 ಅಡಿ ಎತ್ತರದಲ್ಲಿರುತ್ತದೆ, ನಾಲಿಗೆ ಇನ್ನೂ ಮೇಲಕ್ಕೆ ಚಾಚುತ್ತದೆ. ಆದರೆ ಎತ್ತರದಿಂದ ನಿಜವಾದ ಲಾಭ ಇದೆಯೇ? ದಕ್ಷಿಣ ಆಫ್ರಿಕಾದಲ್ಲಿ ಇದನ್ನು ಬೇಲಿ ಹಾಕಿ ಪರೀಕ್ಷಿಸಿದರು, 2007ರಲ್ಲಿ ಫಲಿತಾಂಶ ಪ್ರಕಟವಾಯಿತು. ಸಾಮಾನ್ಯ ಮರಗಳಲ್ಲಿ ಮೇಲಿನ ಕೊಂಬೆಯಲ್ಲಿ ಒಂದು ಬಾಯಿಗೆ ಸಿಗುವ ಎಲೆ ಹೆಚ್ಚು, ಕೆಳಗೆ ಕಡಿಮೆ. ಕೆಳಗಿನದನ್ನು ಗಿಡ್ಡ ಪ್ರಾಣಿಗಳು ಮೊದಲೇ ತಿಂದು ಮುಗಿಸಿರುತ್ತವೆ. ಕೆಲವು ಮರಗಳ ಸುತ್ತ ಬೇಲಿ ಕಟ್ಟಿ ಒಂದು ಬೆಳೆಗಾಲ ಪೂರ್ತಿ ಗಿಡ್ಡ ಪ್ರಾಣಿಗಳನ್ನು ದೂರವಿಟ್ಟಾಗ ಮೇಲೆ ಕೆಳಗೆ ಎಂಬ ವ್ಯತ್ಯಾಸವೇ ಅಳಿಸಿಹೋಯಿತು. ಗಂಡುಗಳು ಕತ್ತಿನಿಂದ ಹೊಡೆದಾಡುತ್ತವೆ, ಅದಕ್ಕಾಗಿಯೇ ಕತ್ತು ಬೆಳೆಯಿತು ಎನ್ನುವ ವಾದವೂ ಇದೆ. ಬೇಲಿಯ ಪ್ರಯೋಗ ಮೇವಿನ ವಾದಕ್ಕೆ ಗಟ್ಟಿ ಸಾಕ್ಷಿ ಎಂದೇ ನಮ್ಮ ಅಭಿಪ್ರಾಯ.

ಮರಗಳೂ ಸುಮ್ಮನೆ ಕೂತಿಲ್ಲ. ಮಲೆನಾಡಿನಲ್ಲಿ ಚಗಳಿ ಇರುವೆ ಗೂಡು ಕಟ್ಟಿದ ಮರ ಹತ್ತಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಕೀನ್ಯಾದ ಬಯಲಿನಲ್ಲಿ ಒಂದು ಜಾತಿಯ ಜಾಲಿ ಮರ ತನ್ನ ಮುಳ್ಳಿನ ಬುಡವನ್ನು ಉಬ್ಬಿಸಿ ಇರುವೆಗೆ ಮನೆ ಮಾಡಿಕೊಡುತ್ತದೆ, ಎಲೆಯ ಬುಡದಲ್ಲಿ ಸಿಹಿರಸವನ್ನೂ ಕೊಡುತ್ತದೆ. ಜಿರಾಫೆಯ ನಾಲಿಗೆ ತಾಗಿದ ಕೂಡಲೇ ಇರುವೆಗಳು ಮುತ್ತಿಕೊಳ್ಳುತ್ತವೆ. ಅಲ್ಲಿ ಜಿರಾಫೆ, ಆನೆ ಮೊದಲಾದ ದೊಡ್ಡ ಪ್ರಾಣಿಗಳನ್ನು ಹತ್ತು ವರ್ಷ ಬೇಲಿಯ ಆಚೆ ಇಟ್ಟು ನೋಡಿದರು. ತಿನ್ನುವವರು ಇಲ್ಲದೆ ಮರ ಇನ್ನೂ ಚೆನ್ನಾಗಿ ಬೆಳೆಯಬೇಕಿತ್ತು. ಆದದ್ದು ಬೇರೆ. ಕಾವಲು ಬೇಡವೆಂದು ಮರ ಸಿಹಿರಸ ಕಡಿಮೆ ಮಾಡಿತು, ಮನೆಯಂಥ ಮುಳ್ಳುಗಳನ್ನೂ ಕಡಿಮೆ ಮಾಡಿತು. ಕಾಯುವ ಇರುವೆ ಸೊರಗಿ, ಕಾಯದ ಬೇರೆ ಜಾತಿಯ ಇರುವೆ ಬಂದು ಸೇರಿತು, ಅದರ ಹಿಂದೆಯೇ ಕಾಂಡ ಕೊರೆಯುವ ಹುಳ ಬಂತು. ಬೇಲಿಯೊಳಗಿನ ಮರಗಳ ಬೆಳವಣಿಗೆ ಕುಂಠಿತವಾಯಿತು, ಸಾಯುವ ಮರಗಳು ಹೆಚ್ಚಾದವು. ಕಾಫಿ ತೋಟದಲ್ಲಿ ಕಾಂಡಕೊರಕದ ಕಾಟ ಕಂಡವರಿಗೆ ಈ ಸರಪಳಿಯ ಅರ್ಥ ತಕ್ಷಣ ಆಗುತ್ತದೆ.

ಒಂಟೆ ಸೊಪ್ಪೂ ತಿನ್ನುತ್ತದೆ, ಹುಲ್ಲೂ ಮೇಯುತ್ತದೆ, ಉಪ್ಪಿನಂಶದ ಗಿಡಗಳನ್ನಂತೂ ಆಸೆಪಟ್ಟು ತಿನ್ನುತ್ತದೆ. ವಿಜಯದಶಮಿಗೆ ನಾವು ಪೂಜಿಸುವ ಬನ್ನಿ ಮರವೇ ರಾಜಸ್ಥಾನದಲ್ಲಿ ಅದರ ಮುಖ್ಯ ಮೇವು. ಅಲ್ಲಿ ಖೇಜಡಿ ಎನ್ನುತ್ತಾರೆ, ರಾಜ್ಯದ ಮರವೂ ಅದೇ. ಕಚ್ಛಿನ ಖರಾಯಿ ತಳಿಯ ಒಂಟೆಗಳು ಸಮುದ್ರದ ಹಿನ್ನೀರಿನಲ್ಲಿ ಈಜಿ ಹೋಗಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಎಲೆ ತಿಂದು ಬರುತ್ತವೆ. ಬಿಟ್ಟು ಮೇಯಿಸಿದರೆ ಒಂಟೆ ಒಂದೇ ಗಿಡವನ್ನು ಬೋಳಿಸುವುದಿಲ್ಲ, ನಾಲ್ಕು ಬಾಯಿ ಇಲ್ಲಿ, ನಾಲ್ಕು ಬಾಯಿ ಅಲ್ಲಿ ಎಂದು ನಡೆಯುತ್ತಲೇ ತಿನ್ನುತ್ತದೆ. ಕಟ್ಟಿಹಾಕಿ ಸಾಕಿದಾಗ ಆ ಗುಣ ಉಪಯೋಗಕ್ಕೆ ಬರುವುದಿಲ್ಲ.

ಹೊಟ್ಟೆಯ ವಿಚಾರ. ಎರಡೂ ಮೆಲುಕು ಹಾಕುತ್ತವೆ. ಹಸುವಿನಂತೆ ಜಿರಾಫೆಗೆ ನಾಲ್ಕು ಅರೆಯ ಹೊಟ್ಟೆ. ಒಂಟೆಗೆ ಮೂರೇ. ಹಸುವಿನಲ್ಲಿ ಪುಸ್ತಕದ ಹಾಳೆಗಳಂತೆ ಕಾಣುವ ಓಮೇಸಮ್ ಇದೆಯಲ್ಲ, ಅದು ಒಂಟೆಯಲ್ಲಿ ಪ್ರತ್ಯೇಕವಾಗಿ ಇಲ್ಲ. ಮೂರನೆಯ ಅರೆ ಉದ್ದನೆಯ ಕೊಳವೆಯಂತಿದ್ದು, ಆಮ್ಲ ಸ್ರವಿಸುವುದು ಅದರ ಕೊನೆಯ ತುದಿಯಲ್ಲಿ ಮಾತ್ರ. ಮೆಲುಕು ಹಾಕುವ ವಿದ್ಯೆಯನ್ನು ಈ ಎರಡು ವಂಶಗಳು ಬೇರೆ ಬೇರೆಯಾಗಿ ಕಲಿತಿವೆ. ಒಂಟೆಯ ಮೊದಲ ಅರೆಯ ಗೋಡೆಯಲ್ಲಿ ಸಣ್ಣ ಚೀಲಗಳ ಸಾಲಿದೆ. ಹಿಂದಿನವರು ಇವನ್ನೇ ನೀರಿನ ಚೀಲ ಎಂದುಕೊಂಡರು, ಬಾಯಾರಿದ ಪ್ರಯಾಣಿಕರು ಒಂಟೆಯ ಹೊಟ್ಟೆ ಸೀಳಿ ನೀರು ಕುಡಿದ ಕಥೆಗಳು ಹುಟ್ಟಿದವು. ಅವು ಗ್ರಂಥಿಯುಳ್ಳ ಚೀಲಗಳು, ನೀರಿನ ಗೋದಾಮು ಅಲ್ಲ.

ಮೃಗಾಲಯಗಳಲ್ಲಿ ಜಿರಾಫೆಯ ಆಹಾರ ತಪ್ಪುವುದು ಇಲ್ಲಿಯೇ. ಹುಲ್ಲು ತಿನ್ನುವ ಹಸುವಿನ ಮೊದಲ ಹೊಟ್ಟೆಯಲ್ಲಿ ಮೇವು ಪದರ ಪದರವಾಗಿ ನಿಲ್ಲುತ್ತದೆ, ಮೇಲೆ ಚಾಪೆಯಂತೆ ನಾರು, ಕೆಳಗೆ ದ್ರವ. ಎಲೆಯ ಚೂರು ಹಾಗೆ ಪದರ ಕಟ್ಟುವುದಿಲ್ಲ. ಜಿರಾಫೆಯ ಹೊಟ್ಟೆ ನೊರೆನೊರೆಯಾದ ಎಲೆಯ ರಾಡಿಗೆ ಹೊಂದಿಕೊಂಡದ್ದು. ಒಣಹುಲ್ಲು ಹಾಕಿದರೆ ಸಾಕಷ್ಟು ತಿನ್ನುವುದಿಲ್ಲ. ಹೊಟ್ಟೆ ತುಂಬಲೆಂದು ಜೋಳ, ಹಿಂಡಿಯಂಥ ಕಾಳಿನ ಆಹಾರ ಹೆಚ್ಚಿಸಿದರೆ ಹುಳಿ ಏರಿ, ಹಸುವಿಗೆ ಅಕ್ಕಿ ತಿಂದಾಗ ಆಗುವ ಅಜೀರ್ಣವೇ ಆಗುತ್ತದೆ. ನೋಡಲು ಚೆನ್ನಾಗಿಯೇ ಇದ್ದ ಜಿರಾಫೆ ಚಳಿಯಲ್ಲಿ ಇದ್ದಕ್ಕಿದ್ದಂತೆ ಸತ್ತು, ಮರಣೋತ್ತರ ಪರೀಕ್ಷೆಯಲ್ಲಿ ಹೃದಯದ ಸುತ್ತಲಿನ ಕೊಬ್ಬು ಕರಗಿ ಲೋಳೆಯಾಗಿ ಕಂಡ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಅದಕ್ಕೇ ಹಸಿ ಸೊಪ್ಪಿನ ರೆಂಬೆ, ಕುದುರೆ ಮಸಾಲೆಯ ಒಣಮೇವು ಮುಖ್ಯವಾಗಿರಬೇಕು, ಕಾಳು ಮಿತವಾಗಿರಬೇಕು, ಮೇವಿನ ಬುಟ್ಟಿ ತಲೆಯ ಎತ್ತರದಲ್ಲಿ ಕಟ್ಟಿರಬೇಕು. ನಾಲಿಗೆಗೆ ಕೆಲಸ ಸಿಗದ ಜಿರಾಫೆ ಗೋಡೆ, ಕಂಬಿ ನೆಕ್ಕುತ್ತಾ ನಿಲ್ಲುತ್ತದೆ. ಹಾಗೆ ಕಂಡರೆ ಅದಕ್ಕೆ ರೆಂಬೆ ಸಾಲುತ್ತಿಲ್ಲ ಎಂದು ತಿಳಿಯಿರಿ. ಬ್ರೆಡ್ಡು, ಬಿಸ್ಕತ್ತು ಎಸೆಯುವ ಅಭ್ಯಾಸವನ್ನು ದಯವಿಟ್ಟು ಯಾರೂ ಮಾಡಬೇಡಿ.

ಇನ್ನು ನೀರು. ಒಂಟೆಯನ್ನು ಅರ್ಥಮಾಡಿಕೊಳ್ಳಬೇಕಾದರೆ ನೀರಿನ ಖರ್ಚಿನ ಲೆಕ್ಕ ಹಾಕಬೇಕು. ಇದನ್ನು ಮೊದಲು ಸರಿಯಾಗಿ ಅಳೆದವರು ಪ್ರಾಣಿಗಳ ಶರೀರಕ್ರಿಯೆ ಅಧ್ಯಯನ ಮಾಡಿದ ವಿಜ್ಞಾನಿ ಕ್ನೂಟ್ ಶ್ಮಿಟ್-ನೀಲ್ಸನ್. 1953-54ರಲ್ಲಿ ಸಹಾರಾದ ಬೆನಿ ಅಬ್ಬೆಸ್ ಎಂಬಲ್ಲಿ ಕೂತು ಒಂಟೆಗಳನ್ನು ತೂಗಿ, ಮೈಬಿಸಿ ಅಳೆದು ನೋಡಿದರು.

ಮೊದಲು ಡುಬ್ಬ. ಅದರಲ್ಲಿ ನೀರಿಲ್ಲ, ಕೊಬ್ಬಿದೆ. ಹಳ್ಳಿಕಾರ್ ಎತ್ತಿನ ಹಿಣಿಲು ಹೆಚ್ಚಾಗಿ ಮಾಂಸಖಂಡ; ಒಂಟೆಯ ಡುಬ್ಬ ಪೂರ್ತಿ ಕೊಬ್ಬಿನ ಗಂಟು. ಮೇವಿಲ್ಲದ ದಿನಗಳಲ್ಲಿ ಅದು ಕರಗಿ ಒಂದು ಪಕ್ಕಕ್ಕೆ ವಾಲುತ್ತದೆ. ಕೊಬ್ಬು ಉರಿದಾಗ ಕಿಲೋಗೆ ಒಂದು ಲೀಟರಿಗಿಂತ ತುಸು ಹೆಚ್ಚು ನೀರು ಹುಟ್ಟುವುದು ನಿಜ. ಆದರೆ ಅದನ್ನು ಉರಿಸಲು ಬೇಕಾದ ಗಾಳಿ ಎಳೆದುಕೊಳ್ಳುವಾಗ ಒಣಹವೆಯಲ್ಲಿ ಉಸಿರಿನೊಂದಿಗೆ ಅಷ್ಟೇ ನೀರು ಹೊರಗೆ ಹೋಗುತ್ತದೆ. ಲಾಭ ಏನೂ ಉಳಿಯುವುದಿಲ್ಲ. ಕೊಬ್ಬನ್ನು ಒಂದೇ ಕಡೆ ಗುಡ್ಡೆ ಹಾಕಿದ್ದರಿಂದ ಮೈಯ ಉಳಿದ ಭಾಗ ಕಂಬಳಿ ಹೊದ್ದಂತೆ ಆಗದೆ ಬಿಸಿ ಹೊರಬಿಡಬಲ್ಲದು.

ನಿಜವಾದ ಉಳಿತಾಯ ಮೈಬಿಸಿಯಲ್ಲಿದೆ. ನಿಮ್ಮ ಹಸುವಿನ ಜ್ವರ ಎರಡು ಡಿಗ್ರಿ ಸೆಲ್ಸಿಯಸ್ ಏರಿದರೆ ಡಾಕ್ಟರಿಗೆ ಫೋನು ಮಾಡುತ್ತೀರಿ. ನೀರು ಸಿಗದ ಒಂಟೆಯ ಮೈ ಬೆಳಗಿನ ಜಾವ 34 ಡಿಗ್ರಿಗೆ ಇಳಿದು, ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ, ಅದೂ ದಿನಾ. ಲೆಕ್ಕ ನೋಡಿ: 500 ಕಿಲೋ ತೂಕದ ಮೈಯನ್ನು 6 ಡಿಗ್ರಿ ಬಿಸಿ ಮಾಡಲು ಸುಮಾರು 2,400 ಕಿಲೋಕ್ಯಾಲರಿ ಶಾಖ ಬೇಕು. ಅಷ್ಟು ಶಾಖವನ್ನು ಬೆವರಿನಿಂದ ಹೊರಹಾಕಬೇಕಾದರೆ, ಲೀಟರ್ ಬೆವರಿಗೆ 580ರಂತೆ, ನಾಲ್ಕು ಲೀಟರಿಗಿಂತ ಹೆಚ್ಚು ನೀರು ಬೇಕು. ಒಂಟೆ ಆ ಶಾಖವನ್ನು ಹಗಲಿಡೀ ಮೈಯಲ್ಲೇ ಇಟ್ಟುಕೊಂಡು ರಾತ್ರಿಯ ತಣ್ಣನೆ ಗಾಳಿಗೆ ಪುಕ್ಕಟೆಯಾಗಿ ಬಿಟ್ಟುಬಿಡುತ್ತದೆ. ದಿನಕ್ಕೆ ನಾಲ್ಕು ಲೀಟರ್ ಉಳಿಯಿತು. ದಿನಾ ನೀರು ಕುಡಿಯುವ ಒಂಟೆಯಲ್ಲಿ ಈ ಏರಿಳಿತ ಸುಮಾರು ಎರಡು ಡಿಗ್ರಿ ಮಾತ್ರ. ಅಂದರೆ ನೀರು ಕಡಿಮೆಯಾದಾಗ ಮಾತ್ರ ಅದು ಈ ಉಪಾಯಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಒಂಟೆಯ ಬೆನ್ನಿನ ಕೂದಲು ಬೋಳಿಸಿದರೆ ತಂಪಾಗುತ್ತದೆ ಎಂದು ಅನ್ನಿಸಬಹುದು. ಅಳೆದು ನೋಡಿದಾಗ ಬೋಳಿಸಿದ ಒಂಟೆಯ ಬೆವರು ಒಂದೂವರೆ ಪಟ್ಟಾಗಿತ್ತು. ಕೂದಲು ಅದಕ್ಕೆ ಕೊಡೆ.

ಹಿಕ್ಕೆಯನ್ನೂ ನೋಡಿ. ಹಸುವಿಗೆ ಸಗಣಿ, ಆನೆಗೆ ಲದ್ದಿ, ಆಡಿಗೆ ಹಿಕ್ಕೆ ಎಂದು ಕನ್ನಡ ಬೇರೆ ಬೇರೆ ಹೆಸರಿಟ್ಟಿರುವುದು ಸುಮ್ಮನೆ ಅಲ್ಲ. ಸಗಣಿಯಲ್ಲಿ ನೂರಕ್ಕೆ 80 ಪಾಲಿಗೂ ಹೆಚ್ಚು ನೀರು. ಒಂಟೆಗೂ ಜಿರಾಫೆಗೂ ಅಷ್ಟು ದೊಡ್ಡ ಮೈಯಿದ್ದರೂ ಬೀಳುವುದು ಹಿಕ್ಕೆಯೇ. ನೀರಿಲ್ಲದ ಒಂಟೆಯ ಹಿಕ್ಕೆಯಲ್ಲಿ ಅರ್ಧಕ್ಕಿಂತ ಕಡಿಮೆ ನೀರು, ಆ ಹೊತ್ತಿಗೇ ಒಲೆಗೆ ಹಾಕಬಹುದಾದಷ್ಟು ಒಣಗಿರುತ್ತದೆ.

ಇಷ್ಟಾದರೂ ನೀರು ಕಳೆದುಹೋಗುತ್ತದೆ. ತನ್ನ ತೂಕದ ಕಾಲುಭಾಗದಷ್ಟು ನೀರು ಕಳೆದುಕೊಂಡು ಬಡಕಲಾದ ಒಂಟೆ ಬಾವಿಯ ಹತ್ತಿರ ಬಂದಾಗ ಹತ್ತು ಹದಿನೈದು ನಿಮಿಷದಲ್ಲಿ 100 ಲೀಟರಿನಷ್ಟು ಕುಡಿಯುತ್ತದೆ. ಡೇರಿಯ 40 ಲೀಟರಿನ ಕ್ಯಾನಿನ ಲೆಕ್ಕದಲ್ಲಿ ಎರಡೂವರೆ ಕ್ಯಾನು. ಹೈನುಗಾರರು ಇಲ್ಲಿ ಒಂದು ಮಾತು ನೆನಪಿಟ್ಟುಕೊಳ್ಳಿ. ಬಹಳ ಹೊತ್ತು ಬಾಯಾರಿದ ಕರುವಿಗೆ ಒಮ್ಮೆಲೇ ಬಕೆಟ್ಟುಗಟ್ಟಲೆ ನೀರಿಟ್ಟರೆ ಕೆಲವೊಮ್ಮೆ ಕೆಂಪು ಮೂತ್ರ ಹೋಗುತ್ತದೆ. ರಕ್ತ ತೆಳ್ಳಗಾಗಿ, ಕೆಂಪು ಕಣಗಳ ಒಳಗೆ ನೀರು ನುಗ್ಗಿ ಅವು ಒಡೆಯುತ್ತವೆ. ಅದಕ್ಕೇ ಅಂಥ ಕರುವಿಗೆ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಒಂಟೆಯ ಕೆಂಪು ಕಣ ಮಾತ್ರ ಬೇರೆ. ಹಸು, ಜಿರಾಫೆ, ಮನುಷ್ಯ ಎಲ್ಲರದ್ದೂ ದುಂಡನೆಯ ತಟ್ಟೆ. ಒಂಟೆ ಮತ್ತು ಅದರ ದಕ್ಷಿಣ ಅಮೆರಿಕದ ದಾಯಾದಿ ಲಾಮಾಗಳದ್ದು ಮೊಟ್ಟೆಯಾಕಾರ. ಎರಡು ಪಟ್ಟಿಗೂ ಹೆಚ್ಚು ಉಬ್ಬಿದರೂ ಒಡೆಯದು. ವಿದ್ಯಾರ್ಥಿಗಳು ಸೂಕ್ಷ್ಮದರ್ಶಕದಲ್ಲಿ ಒಂದು ಸಲ ನೋಡಿದರೆ ಮರೆಯಲಾರರು.

ರಕ್ತದಲ್ಲಿ ಇನ್ನೊಂದು ವಿಶೇಷ ಇದೆ. ಒಂಟೆಯ ರೋಗನಿರೋಧಕ ಪ್ರತಿಕಾಯಗಳಲ್ಲಿ ಒಂದು ಪಾಲಿಗೆ ಹಗುರ ಸರಪಳಿಯೇ (ಪ್ರತಿಕಾಯದ ಎರಡು ಬಗೆಯ ಪ್ರೋಟೀನ್ ಎಳೆಗಳಲ್ಲಿ ಚಿಕ್ಕದು) ಇಲ್ಲ ಎಂದು ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಕಂಡುಹಿಡಿದು 1993ರಲ್ಲಿ ಪ್ರಕಟಿಸಿದರು. ಈ ಪುಟ್ಟ ಪ್ರತಿಕಾಯಗಳ ತುಣುಕಿನಿಂದಲೇ ‘ನ್ಯಾನೊಬಾಡಿ’ ಔಷಧಿಗಳು ಬಂದವು. ಅಪರೂಪದ ರಕ್ತ ಹೆಪ್ಪುಗಟ್ಟುವ ಕಾಯಿಲೆಯೊಂದಕ್ಕೆ ಕ್ಯಾಪ್ಲಾಸಿಜುಮ್ಯಾಬ್ ಎಂಬ ಔಷಧಿ 2018ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಪಡೆಯಿತು.

ಜಿರಾಫೆಗೆ ನೀರಿನ ಚಿಂತೆ ಇಷ್ಟಿಲ್ಲ. ಎಲೆಯಲ್ಲೇ ಅರ್ಧಕ್ಕಿಂತ ಹೆಚ್ಚು ನೀರಿರುವುದರಿಂದ ಕೆಲವು ದಿನ ಕುಡಿಯದೆ ಇರಬಲ್ಲದು. ಅದರ ಕಷ್ಟ ಎತ್ತರ. ಮನೆಯ ಮೇಲಿನ ಟ್ಯಾಂಕಿಗೆ ನೀರೇರಿಸುವವರಿಗೆ ಗೊತ್ತು, ಎತ್ತರ ಹೆಚ್ಚಿದಂತೆ ಪಂಪಿನ ಶಕ್ತಿ ಹೆಚ್ಚಬೇಕು. ರಕ್ತವನ್ನು ಒಂದು ಅಡಿ ಮೇಲೇರಿಸಲು ಸುಮಾರು 23 ಮಿ.ಮೀ. ಪಾದರಸದಷ್ಟು ಒತ್ತಡ ಖರ್ಚಾಗುತ್ತದೆ. ಕತ್ತು ಆರಡಿ. ಅಂದರೆ ತಲೆ ತಲುಪುವಷ್ಟರಲ್ಲಿ 140ರಷ್ಟು ಖರ್ಚು. ಹಾಗಾಗಿ ಹೃದಯದ ಬಳಿ ಸರಾಸರಿ ಒತ್ತಡ 200ರ ಆಸುಪಾಸು ಇರುತ್ತದೆ, ನಮ್ಮದರ ಎರಡು ಪಟ್ಟು. ಜಿರಾಫೆಯ ಹೃದಯ ಮಿತಿಮೀರಿ ದೊಡ್ಡದು ಎಂದು ಮಕ್ಕಳ ಪುಸ್ತಕಗಳಲ್ಲಿ ಬರೆಯುತ್ತಾರೆ. ತೂಕದ ಲೆಕ್ಕದಲ್ಲಿ ಅದು ಮೈಯ ನೂರಕ್ಕೆ ಅರ್ಧದಷ್ಟು, ಬೇರೆ ಸಸ್ತನಿಗಳಂತೆಯೇ. ವ್ಯತ್ಯಾಸ ಗೋಡೆಯಲ್ಲಿದೆ: ಮೈಗೆ ರಕ್ತ ತಳ್ಳುವ ಎಡ ಹೃತ್ಕುಕ್ಷಿಯ ಗೋಡೆ ಬಹಳ ದಪ್ಪ, ಒಳಗಿನ ಜಾಗ ಸಣ್ಣದು.

ಅದು ನೀರು ಕುಡಿಯುವುದನ್ನು ನಿಂತು ನೋಡಬೇಕು. ನೀರಿನ ಹತ್ತಿರ ಬಂದು ಸುಮ್ಮನೆ ನಿಲ್ಲುತ್ತದೆ, ಸುತ್ತಲೂ ನೋಡುತ್ತದೆ. ಮುಂಗಾಲು ಒಂದೊಂದೇ ಇಂಚಿಂಚಾಗಿ ಅಗಲಿಸುತ್ತದೆ, ಕೆಲವೊಮ್ಮೆ ಮಂಡಿಯನ್ನೂ ತುಸು ಬಗ್ಗಿಸುತ್ತದೆ. ಆಮೇಲೆ ತಲೆ ಇಳಿಯುತ್ತದೆ, ಹದಿನೈದು ಅಡಿಗಿಂತ ಹೆಚ್ಚು. ಈಗ ಮಿದುಳು ಹೃದಯಕ್ಕಿಂತ ಕೆಳಗಿದೆ, ರಕ್ತ ಧುಮ್ಮಿಕ್ಕಬೇಕು. ಮಿದುಳಿನ ಬುಡದಲ್ಲಿ ಅಪಧಮನಿ ಸಣ್ಣ ಸಣ್ಣ ಕವಲುಗಳ ಜಾಲವಾಗಿ ಒಡೆದು ಆ ರಭಸವನ್ನು ತಗ್ಗಿಸುತ್ತದೆ, ಕತ್ತಿನ ದೊಡ್ಡ ಅಭಿಧಮನಿಯಲ್ಲಿರುವ ಕವಾಟಗಳು ರಕ್ತ ಹಿಂದಕ್ಕೆ ತಲೆಯ ಕಡೆ ಬೀಳದಂತೆ ತಡೆಯುತ್ತವೆ. ಕೆಲವು ಗುಟುಕು ಕುಡಿದು ಒಂದೇ ಜಿಗಿತದಲ್ಲಿ ಕಾಲು ಕೂಡಿಸಿ ತಲೆ ಎತ್ತಿಬಿಡುತ್ತದೆ, ತಲೆಸುತ್ತು ಬರುವುದಿಲ್ಲ. ಕಾಲಿನ ಚರ್ಮ ದಪ್ಪವಾಗಿ, ಬಿಗಿಯಾಗಿ ಅಂಟಿಕೊಂಡಿರುವುದರಿಂದ ಪಾದ ಊದುವುದಿಲ್ಲ. ಉಬ್ಬಿದ ನರಕ್ಕೆ ಡಾಕ್ಟರು ಹಾಕಿಸುವ ಬಿಗಿ ಕಾಲುಚೀಲದ ಕೆಲಸವೇ ಅದು. ಕತ್ತಿನಲ್ಲಿ ಮೂಳೆ ನಮ್ಮಂತೆ ಏಳೇ, ಒಂಟೆಗೂ ಏಳೇ. ಜಿರಾಫೆಯಲ್ಲಿ ಅವುಗಳಲ್ಲಿ ಹೆಚ್ಚಿನವು ಒಂದೊಂದೂ 25 ಸೆಂಟಿಮೀಟರಿಗೂ ಹೆಚ್ಚು ಉದ್ದ. ಅರಿವಳಿಕೆ ಕೊಡುವ ವೈದ್ಯರಿಗೆ ಈ ಪ್ರಾಣಿ ದೊಡ್ಡ ಸವಾಲು. ಬೀಳುವ ಹೊತ್ತಿಗೆ ಹಗ್ಗ ಹಿಡಿದು ನಿಧಾನ ಕೆಡವಬೇಕು, ಬಿದ್ದ ಕೂಡಲೇ ತಲೆಯನ್ನು ಹೊಟ್ಟೆಗಿಂತ ಮೇಲೆ, ಮೂತಿಯನ್ನು ಕೆಳಮುಖವಾಗಿ ಹಿಡಿಯಬೇಕು. ಇಲ್ಲದಿದ್ದರೆ ಹೊಟ್ಟೆಯ ರಸ ಶ್ವಾಸಕೋಶಕ್ಕೆ ನುಗ್ಗುತ್ತದೆ.

ಕಾಲಿನ ವಿಷಯ ಬೇಗ ಮುಗಿಸುತ್ತೇವೆ. ಜಿರಾಫೆಯದ್ದು ಹಸುವಿನಂಥ ಸೀಳುಗೊರಸು, ಊಟದ ತಟ್ಟೆಯಷ್ಟು ಅಗಲ. ಒಂಟೆ ಗೊರಸಿನ ಮೇಲೆ ನಡೆಯುವುದಿಲ್ಲ. ಎರಡು ಬೆರಳಿನ ಕೆಳಗೆ ಹರಡಿದ ಮೆತ್ತೆಯ ಮೇಲೆ ನಡೆಯುತ್ತದೆ, ಮುಂದೆ ಎರಡು ಉಗುರು ಅಷ್ಟೆ. ಎರಡೂ ನಡೆಯುವಾಗ ಒಂದೇ ಪಕ್ಕದ ಮುಂಗಾಲು ಹಿಂಗಾಲು ಹೆಚ್ಚುಕಡಿಮೆ ಒಟ್ಟಿಗೆ ಮುಂದೆ ಹೋಗುತ್ತವೆ. ಉದ್ದ ಕಾಲು, ಗಿಡ್ಡ ನಡು; ಹಾಗಲ್ಲದಿದ್ದರೆ ಹಿಂಗಾಲು ಮುಂಗಾಲಿಗೆ ತಾಗುತ್ತಿತ್ತು. ಒಂಟೆ ಸವಾರಿಯಲ್ಲಿ ಮೈ ಅಕ್ಕಪಕ್ಕ ತೂಗುವುದು ಇದರಿಂದ. ಜಾತ್ರೆಯಲ್ಲಿ ಹತ್ತುವವರಿಗೆ ಒಂದು ಸೂಚನೆ: ಕೂತ ಒಂಟೆ ಏಳುವಾಗ ಮೊದಲು ಹಿಂಭಾಗ ಮೇಲೇಳುತ್ತದೆ. ಆಗ ಹಿಂದಕ್ಕೆ ವಾಲಿ, ಜೀನಿನ ಹಿಡಿ ಬಿಗಿ ಹಿಡಿಯಿರಿ. ಮುಂಗಾಲು ನೆಟ್ಟಗಾದಾಗ ಮುಂದಕ್ಕೆ ಬನ್ನಿ. ಮಕ್ಕಳು ಮುಗ್ಗರಿಸಿ ಬೀಳುವುದು ಮೊದಲ ಎಳೆತದಲ್ಲೇ.

ಈ ಎರಡೂ ವಂಶಗಳು ನಮ್ಮ ದೇಶಕ್ಕೆ ಹೊಸಬರಲ್ಲ. ಒಂಟೆಯ ಮೂಲ ಉತ್ತರ ಅಮೆರಿಕ. ಅಲ್ಲಿಂದ ಏಷ್ಯಾಕ್ಕೆ ದಾಟಿದ್ದು ಸುಮಾರು 60-70 ಲಕ್ಷ ವರ್ಷಗಳ ಹಿಂದೆ, ಆಮೇಲೆ ಹುಟ್ಟಿದ ನಾಡಿನಲ್ಲೇ ಅಳಿದುಹೋಯಿತು. ಹಿಮಾಲಯದ ಬುಡದ ಶಿವಾಲಿಕ್ ಬೆಟ್ಟಗಳಲ್ಲಿ ಪುರಾತನ ಒಂಟೆಯ ಮೂಳೆಯೂ ಸಿಕ್ಕಿದೆ, ಜಿರಾಫೆಯ ಮೂಳೆಯೂ ಸಿಕ್ಕಿದೆ. ಜಿರಾಫೆಯ ಮನೆತನದ್ದೇ ಆದ, ಆನೆಗಾತ್ರದ ‘ಶಿವಥೀರಿಯಂ’ ಎಂಬ ಪ್ರಾಣಿಗೆ ಶಿವನ ಹೆಸರು ಬಂದದ್ದು ಅಲ್ಲಿಂದಲೇ.

ಎರಡು ಪ್ರಾಣಿಗಳು ಇತಿಹಾಸದಲ್ಲಿ ಮುಖಾಮುಖಿಯಾದ ಪ್ರಸಂಗ ಒಂದಿದೆ. 1824ರಲ್ಲಿ ಸೂಡಾನಿನಲ್ಲಿ ಹಿಡಿದ ಜಿರಾಫೆ ಮರಿಯೊಂದನ್ನು ಒಂಟೆಯ ಬೆನ್ನಿಗೆ ಕಟ್ಟಿ ಸಾಗಿಸಿದರು. ಈಜಿಪ್ಟಿನ ಮುಹಮ್ಮದ್ ಅಲಿ ಅದನ್ನು ಫ್ರಾನ್ಸಿನ ರಾಜನಿಗೆ ಕಾಣಿಕೆ ಕಳಿಸಿದ. ಹಡಗಿನ ಅಟ್ಟಕ್ಕೆ ತೂತು ಕೊರೆದು ಕತ್ತು ಹೊರಗಿರುವಂತೆ ಮಾಡಿದ್ದರು. 1827ರ ಮೇ ತಿಂಗಳಲ್ಲಿ ಮಾರ್ಸೇಲ್ಸಿನಿಂದ ಹೊರಟು ಸುಮಾರು 880 ಕಿಲೋಮೀಟರ್ ನಡೆದೇ ಪ್ಯಾರಿಸ್ ಸೇರಿತು. ಅದರೊಂದಿಗೆ ಹಾಲು ಕೊಡಲು ಹಸುಗಳೂ ನಡೆದವು.

ಕೊನೆಗೆ ಸಭೆಯಿಂದ ಬಂದ ಪ್ರಶ್ನೆ: ಒಂಟೆ ಹಾಲಿಗೆ ಈಗ ಬೇಡಿಕೆ ಇದೆ ಎನ್ನುತ್ತಾರೆ, ನಮ್ಮ ಜಿಲ್ಲೆಯಲ್ಲಿ ಒಂಟೆ ಸಾಕಬಹುದೇ?

ಸಕಲೇಶಪುರದ ಕಡೆಯವರು ಈ ಯೋಚನೆ ಬಿಟ್ಟುಬಿಡಿ. ಮೆತ್ತೆಯ ಪಾದ ಮರಳಿಗೆ ಒಳ್ಳೆಯದು, ಕೆಸರಿಗೆ ಅಲ್ಲ. ಒದ್ದೆ ಇಳಿಜಾರಿನಲ್ಲಿ ಕಾಲು ಎರಡು ಕಡೆಗೆ ಜಾರಿ, ತೊಡೆಯ ಒಳಗಿನ ಮಾಂಸಖಂಡ ಹರಿದುಹೋಗುತ್ತದೆ. ಹಾಗಾದ ಒಂಟೆ ಮತ್ತೆ ಏಳುವುದು ಕಷ್ಟ. ಅರಸೀಕೆರೆ ಕಡೆಯ ಬಯಲಿನಲ್ಲಿ ಜಾಲಿ, ಬಳ್ಳಾರಿ ಜಾಲಿ, ಬನ್ನಿ ಸಿಗುತ್ತವೆ, ಮೇವಿನ ಲೆಕ್ಕ ಹೊಂದುತ್ತದೆ. ಹಾಲಿನ ಲೆಕ್ಕ ಹೊಂದುವುದಿಲ್ಲ. ಗಬ್ಬ 13 ತಿಂಗಳು, ಎರಡು ವರ್ಷಕ್ಕೊಂದು ಮರಿ, ಮರಿ ಬಳಿಯಲ್ಲಿ ಇದ್ದರೆ ಮಾತ್ರ ಸೊರೆ ಬಿಡುತ್ತದೆ, ದಿನಕ್ಕೆ ಸಾಮಾನ್ಯವಾಗಿ 4ರಿಂದ 6 ಲೀಟರ್. ಹಾಲು ಒಳ್ಳೆಯದೇ, ಆದರೆ ಗಟ್ಟಿ ಮೊಸರಾಗುವುದಿಲ್ಲ. ತಂದು ಸಾಕುವುದೂ ಸುಲಭವಲ್ಲ. ದೇಶದಲ್ಲಿ 2012ರಲ್ಲಿ 4 ಲಕ್ಷವಿದ್ದ ಒಂಟೆ 2019ರ ಜಾನುವಾರು ಗಣತಿಯಲ್ಲಿ ಎರಡೂವರೆ ಲಕ್ಷಕ್ಕೆ ಇಳಿದಿದೆ, ರಾಜಸ್ಥಾನದಿಂದ ಹೊರಗೆ ಸಾಗಿಸಲು 2015ರ ಕಾಯ್ದೆಯ ನಿರ್ಬಂಧವಿದೆ.

ಎಲ್ಲಕ್ಕಿಂತ ದೊಡ್ಡ ತೊಡಕು ಸರ್ರಾ ರೋಗ. ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೇ ರಕ್ತ ಹೀರುವ ದೊಡ್ಡ ದನದ ನೊಣಗಳು ಇದನ್ನು ಹರಡುತ್ತವೆ. ಕಾರಣ ‘ಟ್ರಿಪನೋಸೋಮ ಇವಾನ್ಸಿ’ ಎಂಬ ಏಕಕೋಶ ಜೀವಿ. ಪಶುವೈದ್ಯ ಗ್ರಿಫಿತ್ ಇವಾನ್ಸ್ 1880ರಲ್ಲಿ ಅಂದಿನ ಪಂಜಾಬಿನಲ್ಲಿ ಕುದುರೆ, ಒಂಟೆಗಳ ರಕ್ತದಲ್ಲಿ ಕಂಡುಹಿಡಿದದ್ದು. ಜ್ವರ ಬಂದು ಹೋಗಿ ಮಾಡುತ್ತದೆ, ಒಂಟೆ ತಿಂಗಳುಗಟ್ಟಲೆ ಸೊರಗುತ್ತದೆ, ಡುಬ್ಬ ಕರಗುತ್ತದೆ. ಮಾಲೀಕರು ಮೇವು ಸಾಲದು ಎಂದುಕೊಂಡು ಮೇವು ಹೆಚ್ಚಿಸುತ್ತಾರೆ. ಜಾತ್ರೆಗೆ ಬಂದ ಒಂಟೆ ಹೀಗೆ ಸೊರಗಿದ್ದು ಕಂಡರೆ, ಇಲ್ಲಿರುವ ವಿದ್ಯಾರ್ಥಿಗಳು ಎರಡು ವಿಷಯ ನೆನಪಿಡಿ. ರಕ್ತದ ಸ್ಲೈಡು ಜ್ವರ ಏರಿದ ದಿನವೇ ಮಾಡಬೇಕು. ಜ್ವರವಿಲ್ಲದ ದಿನ ಜೀವಿ ಕಾಣದೆ ತಪ್ಪಿಹೋಗುತ್ತದೆ. ಮತ್ತು ದನಕ್ಕೆ ಧಾರಾಳವಾಗಿ ಬಳಸುವ ಡೈಮಿನಾಜಿನ್ ಚುಚ್ಚುಮದ್ದನ್ನು ಅದೇ ಅಂದಾಜಿನಲ್ಲಿ ಒಂಟೆಗೆ ಹಾಕಬೇಡಿ, ಒಂಟೆಗೆ ಅದು ವಿಷವಾಗುತ್ತದೆ. ಇದಕ್ಕೆ ಬಳಸುವುದು ಕ್ವಿನಾಪೈರಮಿನ್, ತೂಕ ಅಂದಾಜು ಮಾಡದೆ ಅಳೆದು, ಚರ್ಮದ ಕೆಳಗೆ.